ಮುಳುಗಡೆ ಊರಿನ ಬಾಡಿಗೆದಾರ

ಹುನಗುಂದ ತಾಲೂಕಿನ ಐಹೊಳೆಯಲ್ಲಿ ಒಂದು ಗುಡಿ ಇದೆ. ಚಾಲುಕ್ಯರ ಕಾಲದ್ದು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದ ಮಾಸ್ತರರಿಗೆಲ್ಲ ಅದು ಗೊತ್ತು, ಲಾಡ್‌ಖಾನ್ ಗುಡಿ. ಕಟ್ಟಿಸಿದ ಅರಸನ ಹೆಸರು ಅದಕ್ಕಿಲ್ಲ, ಒಳಗಿನ ದೇವರ ಹೆಸರೂ ಇಲ್ಲ. ಯಾವುದೋ ಕಾಲದಲ್ಲಿ ಅದರೊಳಗೆ ವಾಸವಾಗಿದ್ದ ಒಬ್ಬ ಲಾಡ್‌ಖಾನನ ಹೆಸರು ಆ ಕಲ್ಲಿಗೆ ಅಂಟಿಕೊಂಡು ಉಳಿದಿದೆ. ಇದೇ ಐಹೊಳೆಯಿಂದ ಹೊರಟ ಐನೂರ್ವರೆಂಬ ವ್ಯಾಪಾರಿ ಸಂಘದ ಶಾಸನಗಳು ದಕ್ಷಿಣ ದೇಶದ ತುಂಬ ಸಿಗುತ್ತವೆ. ಕಲ್ಲು ಒಡೆದವರು, ಹೊತ್ತವರು ರಾತ್ರಿ ಯಾರ ಜಾಗದಲ್ಲಿ ಮಲಗಿದರು ಅನ್ನುವುದನ್ನು ನಾನು ಓದಿದ ಯಾವ ಶಾಸನವೂ ಹೇಳಲಿಲ್ಲ. ಇದ್ದವನ ಹೆಸರು ಕಟ್ಟಡಕ್ಕೆ ಉಳಿಯುವುದು ನಮ್ಮ ಸೀಮೆಯಲ್ಲಿ ಅಪರೂಪ. ಉತಾರದಲ್ಲಿ ಮಾಲಕನ ಹೆಸರು, ಶಿಲಾಫಲಕದಲ್ಲಿ ಮಂತ್ರಿಯ ಹೆಸರು. ಒಳಗೆ ಒಲೆ ಹಚ್ಚಿದವಳ ಹೆಸರು ಎಲ್ಲಿ?

ಈ ಲೇಖನ ಆ ಹೆಸರಿಲ್ಲದವರ ಚರಿತ್ರೆ. ಬಾಡಿಗೆದಾರರ ಚರಿತ್ರೆ. ಹೊಲ ಇಲ್ಲದವನ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ, ಹೋರಾಡಿದ್ದೇವೆ. ಊರು ಬಿಟ್ಟು ಪಟ್ಟಣಕ್ಕೆ ಬಂದು ತಗಡಿನ ಖೋಲಿಗೆ ತಿಂಗಳಾ ತಿಂಗಳಾ ದುಡ್ಡು ಎಣಿಸುವವನ ಬಗ್ಗೆ ಬರೆದದ್ದು ಕಮ್ಮಿ. ಅವನು ನಮ್ಮವನೇ. ಕೂಲಿಗೆ ಬಂದವನು, ಕಾಲೇಜಿಗೆ ಬಂದವನು, ಗ್ರಾನೈಟ್ ಕ್ವಾರಿಗೆ ಬಂದವನು, ನೇಕಾರ, ಹೊಸದಾಗಿ ನೌಕರಿ ಸಿಕ್ಕ ಮಾಸ್ತರ.

ಖೋಲಿ ಹುಡುಕುವುದು ಅಂದರೇನು ಎಂದು ಹುಡುಕಿದವರಿಗೇ ಗೊತ್ತು. ನಾನು ಓದುವಾಗ ಒಂದು ಊರಿನಲ್ಲಿ, ಊರಿನ ಹೆಸರು ಬೇಡ, 'ಬಾಡಿಗೆಗೆ ಇದೆ' ಎಂದು ಬರೆದ ಬಾಗಿಲ ಮುಂದೆ ನಿಂತೆ. ಒಳಗಿಂದ ಅವ್ವನ ವಯಸ್ಸಿನ ಹೆಣ್ಣುಮಗಳು ಬಂದು ನಗುತ್ತಲೇ ಕೇಳಿದಳು: "ಯಾವೂರ ತಮ್ಮಾ?" ಹೇಳಿದೆ. "ಅಡ್ಡಹೆಸರ ಏನಪಾ?" ಅದನ್ನೂ ಹೇಳಿದೆ. ನಗು ಹಾಗೇ ಇತ್ತು. "ಖೋಲಿ ಐತಿ ಖರೇ, ಆದ್ರ ನಮ್ಮ ಅಳಿಯಾ ಮುಂದಿನ ತಿಂಗಳ ಬರಾಂವ ಅದಾನ, ಅವಗ ಬೇಕಾಗತೈತಿ." ಆ ಓಣಿಯಲ್ಲಿ ಅವತ್ತು ಮೂರು ಮನೆಯ ಅಳಿಯಂದಿರು ಬರುವವರಿದ್ದರು.

ನಾನೇನೂ ಮೊದಲಿಗನಲ್ಲ. 1917ರಲ್ಲಿ ಕೊಲಂಬಿಯಾ, ಲಂಡನ್ನುಗಳಲ್ಲಿ ಓದಿ ಬರೋಡಾ ಸಂಸ್ಥಾನದ ನೌಕರಿಗೆ ಬಂದ ಅಂಬೇಡ್ಕರರಿಗೆ ಆ ಊರಿನಲ್ಲಿ ಇರಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿ ದಿನಬಾಡಿಗೆಗೆ ಸೇರಿಕೊಂಡರು. ಸುದ್ದಿ ಹೊರಬಿದ್ದ ದಿನ ಬಡಿಗೆ ಹಿಡಿದ ಗುಂಪು ಮಾಳಿಗೆ ಹತ್ತಿ ಬಂತು. ಸಂಜೆಯೊಳಗೆ ಖಾಲಿ ಮಾಡಬೇಕು. ಒಬ್ಬ ಹಿಂದೂ ಗೆಳೆಯನನ್ನು ಕೇಳಿದರು, ಒಬ್ಬ ಕ್ರೈಸ್ತ ಗೆಳೆಯನನ್ನು ಕೇಳಿದರು. ಇಬ್ಬರೂ ಮನೆಯೊಳಗೆ ಕರೆಯಲಿಲ್ಲ. ರಾತ್ರಿಯ ರೈಲಿನ ತನಕ ಕಾಮಾಟಿ ಬಾಗ್ ಎಂಬ ಸಾರ್ವಜನಿಕ ತೋಟದಲ್ಲಿ ಕೂತು ಮುಂಬಯಿಗೆ ಹೊರಟುಹೋದರು. ಅವರೇ ಬರೆದಿಟ್ಟ ಸಂಗತಿ ಇದು. ದುಡ್ಡಿತ್ತು, ನೌಕರಿ ಇತ್ತು, ಓದಿತ್ತು. ಬಾಡಿಗೆಗೆ ಬೇಕಾದದ್ದು ಬೇರೆ ಇತ್ತು.

ಆ ರೈಲು ಇಳಿದು ಅವರು ಮುಟ್ಟಿದ ಮನೆ ಎಂಥದು ಅನ್ನುವುದನ್ನು ನಾವು ಗಮನಿಸುವುದಿಲ್ಲ. ಅದೂ ಬಾಡಿಗೆಯದೇ. ಮುಂಬಯಿಯ ಪರಳದಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟಿನ ಚಾಳು. 1896ರ ಪ್ಲೇಗಿನ ನಂತರ, 1898ರಲ್ಲಿ, ಸರಕಾರ ಆ ಟ್ರಸ್ಟನ್ನು ಹುಟ್ಟುಹಾಕಿತು. ಟ್ರಸ್ಟು ಪುಣ್ಯದ ಕೆಲಸ ಮಾಡಿತೆಂದು ನಾನು ಹೇಳಲಾರೆ. ಅಗಲ ರಸ್ತೆ ತೆಗೆಯುವ ಹೆಸರಲ್ಲಿ ಬಡವರ ಮನೆಗಳನ್ನು ಅದು ಕೆಡವಿದ್ದೇ ಹೆಚ್ಚು. ಆದರೆ ಕೂಲಿಕಾರರಿಗೆ ಅಂತ ಒಂದಿಷ್ಟು ಚಾಳುಗಳನ್ನೂ ಕಟ್ಟಿತು. ಅಲ್ಲಿನ ಎರಡು ಖೋಲಿಯಲ್ಲಿ ಅಂಬೇಡ್ಕರರ ಕುಟುಂಬ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿತು. ಮಹಾಡದ ಕೆರೆಗೆ ಅವರು ಹೊರಟದ್ದು ಬಾಡಿಗೆ ಮನೆಯಿಂದ. ಅಲ್ಲಿ ಮಾಲಕನೆಂದರೆ ಒಬ್ಬ ಮನುಷ್ಯ ಅಲ್ಲ, ಒಂದು ಸಂಸ್ಥೆ. ಸಂಸ್ಥೆಗೆ ಅಳಿಯಂದಿರು ಇರುವುದಿಲ್ಲ.

ಇದನ್ನು ನೆನಪಿನಲ್ಲಿ ಇಟ್ಟುಕೊಂಡು ಕಾನೂನಿನ ಕಡೆ ಬರೋಣ.

ಬಾಡಿಗೆಗೆ ಕಡಿವಾಣ ಹಾಕುವ ಕಾಯ್ದೆ ಯಾವ ದೊರೆಯ ಕರುಣೆಯಿಂದಲೂ ಹುಟ್ಟಿದ್ದಲ್ಲ. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮನೆಮಾಲಕರು ಬಾಡಿಗೆ ಏರಿಸಿದಾಗ ಹೆಂಗಸರು ಬಾಡಿಗೆ ಕೊಡುವುದನ್ನೇ ನಿಲ್ಲಿಸಿದರು. ಮೇರಿ ಬಾರ್ಬರ್ ಎಂಬಾಕೆ ಮುಂದಾಳು. ಜಪ್ತಿಗೆ ಬಂದ ಅಮೀನರನ್ನು ಓಣಿಯಿಂದ ಓಡಿಸಿದರು. ಬ್ರಿಟನ್ನಿನ ಸರಕಾರ ಅದೇ ವರ್ಷ ಬಾಡಿಗೆ ನಿಯಂತ್ರಿಸಿ ಕಾಯ್ದೆ ತಂದಿತು. 1918ರಲ್ಲಿ ಮುಂಬಯಿ ಪ್ರಾಂತ್ಯಕ್ಕೂ ಅಂಥದೊಂದು ಬಂತು. ನಮ್ಮ ಬಿಜಾಪುರ ಜಿಲ್ಲೆ 1956ರ ತನಕ ಮುಂಬಯಿ ಆಡಳಿತದಲ್ಲಿತ್ತು. ಮುಂಬಯಿ 1947ರಲ್ಲಿ ಇನ್ನೂ ಗಟ್ಟಿಯಾದ ಕಾಯ್ದೆ ಮಾಡಿತು. ಏಕೀಕರಣದ ಮೇಲೆ ನಮಗೆ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು.

ಆ 1961ರ ಕಾಯ್ದೆಯಲ್ಲಿ ಈಗ ಯಾರೂ ನೆನೆಸದ ಒಂದು ಮಾತಿತ್ತು. ಕಾಯ್ದೆ ಅನ್ವಯಿಸುವ ಪಟ್ಟಣಗಳಲ್ಲಿ ಮನೆ ಖಾಲಿಯಾದರೆ ಮಾಲಕ ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕು. ಅದನ್ನು ಯಾರಿಗೆ ಕೊಡಬೇಕು ಎಂದು ಅಧಿಕಾರಿ ಹೇಳಬಹುದು. ಹಾಗೆ ಹಂಚಿದ್ದರಲ್ಲಿ ನಮ್ಮ ಕೇರಿಯವರಿಗೆ ಎಷ್ಟು ದಕ್ಕಿತು ಎಂದು ಕೇಳಬೇಡಿ. ಕಚೇರಿಯಲ್ಲಿ ಕೂತವರು ಯಾರ ಪೈಕಿ ಅನ್ನುವುದು ನಿಮಗೆ ಗೊತ್ತಿದೆ. ಆದರೂ ಮಾಲಕನ ಮನಸ್ಸಿಗೂ ಬಾಡಿಗೆದಾರನಿಗೂ ನಡುವೆ ಮೂರನೆಯವರೊಬ್ಬರು ನಿಲ್ಲಬಹುದು ಎಂದು ಕಾನೂನು ಒಪ್ಪಿಕೊಂಡಿತ್ತು. ಇನ್ನೊಂದು ಕಡೆ, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಅಂದರೆ 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಾದದ್ದು, ಯಾವ ಪ್ರದೇಶದಲ್ಲೇ ಆಗಲಿ ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬನು ಮನೆ ಹಿಡಿದು ವಾಸ ಮಾಡುವುದನ್ನು ತಡೆದರೆ ಅಪರಾಧ ಎನ್ನುತ್ತದೆ. ಒಳ್ಳೆಯ ಮಾತು. ಅಳಿಯ ಬರುತ್ತಾನೆಂದು ಹೇಳುವುದು ಅಪರಾಧ ಎಂದು ಅದರಲ್ಲಿ ಎಲ್ಲಿಯೂ ಇಲ್ಲ.

ಇನ್ನು ನೆಲದ ಕಡೆ. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿ ಸರಕಾರದ್ದಾಯಿತು, ಫಾರಂ ನಂಬರ್ 7 ತುಂಬಿದ ಗೇಣಿದಾರ ಒಡೆಯನಾಗಲು ದಾರಿಯಾಯಿತು. ದೇವರಾಜ ಅರಸರ ಕಾಲ. ನಮ್ಮ ಕಡೆ ಲಾವಣಿ ಹೊಲಕ್ಕೆ ಕಾಗದ ಎಲ್ಲಿತ್ತು? ಬಾಯಿಮಾತೇ. ನ್ಯಾಯಮಂಡಳಿಗಳು ಬಾಯಿಮಾತನ್ನೂ ಸಾಕ್ಷಿಯೆಂದು ಕೇಳಿಸಿಕೊಂಡವು. ಲಾವಣಿಯೂ ಸಿಗದೆ ಜೀತಕ್ಕೆ, ಕೂಲಿಗೆ ಇದ್ದ ಹೊಲೆಯ ಮಾದಿಗರಿಗೆ ಇದರಿಂದ ಬಂದದ್ದು ಅತ್ಯಲ್ಪ. ಅವರಿಗೆ ಅದೇ ಕಾಯ್ದೆಯ 38ನೆಯ ಕಲಮಿನಲ್ಲಿ ಒಂದು ಸಣ್ಣ ಬಾಗಿಲಿತ್ತು: ಬೇರೆಯವರ ನೆಲದಲ್ಲಿ ಮನೆ ಕಟ್ಟಿಕೊಂಡಿದ್ದ ಕೃಷಿಕೂಲಿಗೆ ಆ ಮನೆ ಇದ್ದ ಜಾಗದ ಹಕ್ಕು. ನಾಲ್ಕು ದಶಕ ಕಳೆದು, ತಾಂಡಾ, ಹಾಡಿ, ಹಟ್ಟಿಗಳ ಜನರಿಗಾಗಿ 2017ರಲ್ಲಿ ಅದರ ಜೊತೆಗೆ 38-ಎ ಸೇರಿತು. 'ವಾಸಿಸುವವನೇ ನೆಲದೊಡೆಯ' ಎಂದು ಸರಕಾರವೇ ಅದಕ್ಕೆ ಹೆಸರಿಟ್ಟಿತು.

ಉಳುವವನು ಆಯಿತು, ಕೂಲಿಯವನು ಆಯಿತು, ತಾಂಡಾದವನು ಆಯಿತು. ಪಟ್ಟಣದ ಓಣಿಯಲ್ಲಿ ಮೂವತ್ತು ವರ್ಷ ಬಾಡಿಗೆ ಕೊಟ್ಟವನು? ಕೊಟ್ಟ ಬಾಡಿಗೆಯಲ್ಲಿ ಆ ಮನೆಯನ್ನೇ ಎರಡು ಸಲ ಕೊಳ್ಳಬಹುದಿತ್ತು. ಅವನಿಗೆ ಯಾವ ಫಾರಂ ನಂಬರೂ ಇಲ್ಲ.

ಒಂದು ಕಡೆ ಮಾತ್ರ ಅವನ ಲೆಕ್ಕ ಸರಕಾರದ ವಹಿಗೆ ಬಂತು. ಅದು ಬಾಗಲಕೋಟೆ. ಅದಕ್ಕೆ ಒಂದು ಊರೇ ನೀರಲ್ಲಿ ಮುಳುಗಬೇಕಾಯಿತು.

1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಅಂದಿನಿಂದಲೇ ಘಟಪ್ರಭೆಯ ದಂಡೆಯ ಬಾಗಲಕೋಟೆ 'ಮುಳುಗಡೆ ಊರು' ಆಯಿತು. ನೀರು ಬಂದದ್ದು ಯಾವಾಗ? ಬಚಾವತ್ ನ್ಯಾಯಮಂಡಳಿ 1969ರಲ್ಲಿ ಕೂತು 1976ರಲ್ಲಿ ಎದ್ದಿತು. ಹಣ ಕೂಡಿಸಲು 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು, ಬಾಂಡುಗಳನ್ನು ಮಾರಿ ಸಾಲ ಎತ್ತಿತು. 519.60 ಮೀಟರಿನ ತನಕ ನೀರು ನಿಲ್ಲಿಸಲು ಸುಪ್ರೀಂ ಕೋರ್ಟು 2000ದ ಏಪ್ರಿಲಿನಲ್ಲಿ ದಾರಿ ಬಿಟ್ಟುಕೊಟ್ಟಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಆಣೆಕಟ್ಟನ್ನು ನಾಡಿಗೆ ಅರ್ಪಿಸಿದ್ದು 2006ರಲ್ಲಿ. ಅಡಿಗಲ್ಲಿನಿಂದ ಅರ್ಪಣೆಗೆ ನಲವತ್ತೆರಡು ವರ್ಷ.

ಆ ನಲವತ್ತೆರಡು ವರ್ಷ ಬಾಡಿಗೆ ಮನೆಯಲ್ಲಿ ಇದ್ದವರನ್ನು ಕೇಳಿರಿ. ನಾಳೆ ಮುಳುಗುವ ಮನೆಗೆ ಇವತ್ತು ಯಾವ ಮಾಲಕ ಸುಣ್ಣ ಬಳಿಸಿಯಾನು? ಮೇಲ್ಮುದ್ದೆ ಸೋರಿತು ಅಂದರೆ "ಹೆಂಗೂ ಮುಳುಗೂದು ಐತಿ, ಯಾಕ ಹಾಕಸಲಿ?" ಬಾಡಿಗೆ ಮಾತ್ರ ಮುಳುಗಲಿಲ್ಲ, ತಿಂಗಳಾ ಬಂದೇ ಬಂತು. ಮಾಲಕ ಪರಿಹಾರಕ್ಕೆ ಕಾದ. ಬಾಡಿಗೆದಾರ ಯಾವುದಕ್ಕೆ ಕಾಯುತ್ತಿದ್ದೇನೆಂದು ತಿಳಿಯದೆ ಕಾದ.

1894ರ ಭೂಸ್ವಾಧೀನ ಕಾಯ್ದೆಯ ಕಣ್ಣಿಗೆ ಬೀಳುತ್ತಿದ್ದದ್ದು ನೆಲ, ಗೋಡೆ, ಗಿಡ. ಅದರ ಬೆಲೆ ಕಟ್ಟು, ಮಾಲಕನಿಗೆ ಕೊಡು, ಮುಗಿಯಿತು. ತಿಂಗಳ ಬಾಡಿಗೆಯವನಿಗೆ ಆ ಲೆಕ್ಕದಲ್ಲಿ ಬರುವುದು ಸೊನ್ನೆಗೆ ಸಮ. ಆದರೆ ಬಾಗಲಕೋಟೆಯಲ್ಲಿ ಒಂದು ತೊಡಕು ಬಂತು. ಊರಿಗೆ ಊರೇ ಏಳಬೇಕು. ಮಾಲಕರನ್ನಷ್ಟೇ ನವನಗರಕ್ಕೆ ಒಯ್ದರೆ ಊರು ಆಗುವುದಿಲ್ಲ. ಹಮಾಲಿ ಬೇಕು, ಕಸಗುಡಿಸುವವರು ಬೇಕು, ಚಪ್ಪಲಿ ಹೊಲಿಯುವವರು, ಟಾಂಗಾದವರು, ಕಾಯಿಪಲ್ಲೆಯವರು, ಕಾರಕೂನರು ಬೇಕು. ಇವರಲ್ಲಿ ಎಷ್ಟೋ ಜನ ಬಾಡಿಗೆಯಲ್ಲೇ ಇದ್ದವರು. ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಕಡೆಗೆ ಬಾಡಿಗೆದಾರ ಎಂಬ ವರ್ಗವನ್ನೇ ಮಾಡಿ, ಮಾಲಕರಿಗೆ ಕೊಟ್ಟಂತೆ ಅವರಿಗೂ ನವನಗರದಲ್ಲಿ ನಿವೇಶನ ಕೊಟ್ಟಿತು. ನಮ್ಮ ನಾಡಿನ ಸ್ಥಳೀಯ ಆಡಳಿತದ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿ ಅಲ್ಲ. 'ಈ ಮನೆ ಯಾರದು' ಎಂಬ ಪ್ರಶ್ನೆಯ ಪಕ್ಕದಲ್ಲಿ 'ಈ ಮನೆಯಲ್ಲಿ ಯಾರಿದ್ದಾರೆ' ಎಂಬ ಪ್ರಶ್ನೆಯನ್ನೂ ಒಂದು ಸರಕಾರಿ ಕಚೇರಿ ಕೇಳಿತು.

ಉತ್ತರ ಕೊಡುವುದು ಸಲೀಸಾಗಿರಲಿಲ್ಲ. ನೀನು ಬಾಡಿಗೆದಾರ ಅನ್ನುವುದಕ್ಕೆ ಏನು ಗುರುತು? ಬಾಡಿಗೆ ಪಾವತಿ ಕೊಡುವ ಮಾಲಕ ನಮ್ಮ ಕಡೆ ಹತ್ತರಲ್ಲಿ ಒಬ್ಬನಾದರೂ ಇದ್ದಾನೆಯೆ? ಪಾವತಿ ಕೊಟ್ಟರೆ ಕರ ಹೆಚ್ಚುತ್ತದೆ, ಬಾಡಿಗೆದಾರನಿಗೆ ಬಲ ಬರುತ್ತದೆ ಎಂದು ಅವನಿಗೆ ಗೊತ್ತು. ಸೈಟು ಸಿಗುತ್ತದೆ ಎಂಬ ಗಾಳಿ ಬೀಸಿದಾಗ ಇನ್ನೊಂದು ಆಟ ಶುರುವಾಗುವುದೂ ಸಹಜ: ನಿಜವಾಗಿ ಇದ್ದವನ ಹೆಸರು ಬಿಟ್ಟು, ಮಾಲಕನ ತಮ್ಮನೋ ಭಾವನೋ ಬಾಡಿಗೆದಾರನಾಗಿ ಎದ್ದು ನಿಲ್ಲುವುದು. ಬಾಡಿಗೆದಾರರ ನಿವೇಶನದ ತಕರಾರುಗಳು ಹೈಕೋರ್ಟಿನ ತನಕ ನಡೆದವು. ಖೋಲಿ ಕೇಳಿದಾಗ ಬರುತ್ತೇನೆಂದ ಅಳಿಯ ಆಗ ಬರಲಿಲ್ಲ. ಸೈಟಿನ ಪಟ್ಟಿ ಬರೆಯುವಾಗ ಮಾತ್ರ ತಪ್ಪದೆ ಬಂದ.

ಸೈಟು ಸಿಕ್ಕವನ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಮಾಲಕನಿಗೆ ಹಳೇ ಕಟ್ಟಡದ ಪರಿಹಾರ ಬಂತು, ಅದನ್ನು ಹೊಸ ಗೋಡೆಗೆ ಹಾಕಿದ. ಬಾಡಿಗೆದಾರನಿಗೆ ಕಟ್ಟಡವೇ ಇರಲಿಲ್ಲ, ಪರಿಹಾರ ಎಲ್ಲಿಂದ ಬರಬೇಕು? ಕೈಯಲ್ಲಿ ಹಕ್ಕುಪತ್ರ, ಸೈಟಿನಲ್ಲಿ ಜಾಲಿಕಂಟಿ. ಅಷ್ಟರಲ್ಲಿ 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಜಿಲ್ಲಾಡಳಿತದ ಕಚೇರಿಗಳು ನವನಗರಕ್ಕೆ ಬಂದವು, ವರ್ಗಾವಣೆಯ ನೌಕರರು ಬಂದರು, ಕಾಲೇಜಿನ ಹುಡುಗರು ಬಂದರು. ನೆಲದ ಬೆಲೆ ಏರಿತು. ಕೊಳ್ಳುವವನು ಬಾಗಿಲಿಗೇ ಬಂದು ನಿಂತ. ಮಗಳ ಮದುವೆಗೆ, ಸಾಲಕ್ಕೆ, ದವಾಖಾನೆಗೆ ಎಂದು ಸೈಟು ಮಾರಿ ಮತ್ತೆ ಬಾಡಿಗೆಗೇ ಹೋದ ಮನೆತನಗಳನ್ನು ನಾನೇ ಬಲ್ಲೆ. ಹಾಗೆ ಕೊಂಡ ಸೈಟಿನ ಮೇಲೆ ಎದ್ದ ಮಾಳಿಗೆಯ ಮೇಲಿನ ಖೋಲಿಗೆ ಈಗ ತಿಂಗಳ ಬಾಡಿಗೆ ಇಂತಿಷ್ಟು, ಡಿಪಾಜಿಟ್ಟು ಇಂತಿಷ್ಟು.

ನವನಗರದ ನಕ್ಷೆಗೆ ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ಕೈಹಾಕಿದ್ದರು. ರಸ್ತೆ ಅಗಲ, ಗಾಳಿ ಬೆಳಕು ಚೆನ್ನ. ಹಳೇ ಊರಿನ ಕೇರಿಯ ಕೊಳಚೆಯನ್ನು ನೆನೆದು ಅಳುವವ ನಾನಲ್ಲ. ಆದರೆ ಓಣಿಗೆ ಹೆಸರಿತ್ತು, ಸೆಕ್ಟರಿಗೆ ನಂಬರು. ಬಾಗಲಕೋಟೆಯ ಹೋಳಿ ನೋಡಿದವರಿಗೆ ಗೊತ್ತು: ಕಿಲ್ಲಾ, ಹಳೇಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಪೇಟೆಯ ಲೆಕ್ಕದಲ್ಲಿ ಬಣ್ಣ, ಪೇಟೆಯ ಲೆಕ್ಕದಲ್ಲಿ ಹಲಗೆ. ಹಲಗೆಯ ಚರ್ಮ ಹದ ಮಾಡಿದವರ ಕೈ ಯಾವುದೆಂದು ಹೇಳಬೇಕಿಲ್ಲ. ಊರಿನ ಹಬ್ಬಕ್ಕೆ ನಮ್ಮ ಹಲಗೆ ಬೇಕು, ಊರಿನ ಖೋಲಿಗೆ ನಾವು ಬೇಡ.

ಈಗ ಇನ್ನೊಂದು ಕಾನೂನಿನ ಮಾತು, ತುಸು ತಾಳ್ಮೆಯಿಂದ ಓದಿರಿ. 1961ರ ಕಾಯ್ದೆ ತೆಗೆದು 1999ರ ಬಾಡಿಗೆ ಕಾಯ್ದೆ ತಂದರು. 2001ರ ಕೊನೆಯ ದಿನ ಅದು ಜಾರಿಗೆ ಬಂತು. ಖಾಲಿ ಮನೆಯನ್ನು ಅಧಿಕಾರಿ ಹಂಚುವ ಪದ್ಧತಿ ಹೋಯಿತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಕಾಯ್ದೆಯ ರಕ್ಷಣೆ ಇಲ್ಲ. ಹೊಸದಾಗಿ ಕಟ್ಟಿದ ಕಟ್ಟಡಕ್ಕೆ 15 ವರ್ಷ ಇಲ್ಲ. ಪಟ್ಟಿಗೆ ಸೇರದ ಹಳ್ಳಿಗಳಿಗೆ ಮೊದಲೇ ಇಲ್ಲ. ಕಾರಣ ಏನು ಹೇಳುತ್ತಾರೆ? ಬಾಡಿಗೆದಾರನಿಗೆ ಬಲ ಕೊಟ್ಟರೆ ಉಳ್ಳವನು ಮನೆ ಕಟ್ಟಲು ದುಡ್ಡು ಹಾಕುವುದಿಲ್ಲ, ಮನೆಯೇ ಇಲ್ಲದಿದ್ದರೆ ಬಾಡಿಗೆದಾರ ಎಲ್ಲಿರುತ್ತಾನೆ ಎಂದು. 2021ರಲ್ಲಿ ಕೇಂದ್ರ ಸರಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಹಿಂದಿನ ಮಾತೂ ಅದೇ. ಈ ವಾದದಲ್ಲಿ ಹುರುಳೇ ಇಲ್ಲ ಎಂದು ನಾನು ಹೇಳಲಾರೆ. ಹಳೇ ಕಾಯ್ದೆಯ ಕಾಲದಲ್ಲಿ ಕೀಲಿ ಜಡಿದು ಮನೆ ಖಾಲಿ ಬಿಟ್ಟ ಮಾಲಕರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ನವನಗರವನ್ನು ನೋಡಿರಿ. ಊರಿಗೆ ಊರೇ ಹೊಸದು, ಕಟ್ಟಡಕ್ಕೆ ಕಟ್ಟಡವೇ ಹೊಸದು. 15 ವರ್ಷದ ವಿನಾಯಿತಿ ಅಂದರೆ, ಮುಳುಗಿದ ಊರಿನಿಂದ ಎದ್ದುಬಂದವನು ಹೊಸ ಊರಿನಲ್ಲಿ ಬಾಡಿಗೆಗೆ ನಿಂತ ದಿನ ಅವನ ತಲೆಯ ಮೇಲೆ ತಗಡು ಇತ್ತು, ಕಾಯ್ದೆ ಇರಲಿಲ್ಲ.

ಇಳಕಲ್ಲಿನಲ್ಲಿ ಇದಕ್ಕೆ ಇನ್ನೊಂದು ಮುಖ. ಸೀರೆ ನೇಯುವವನಿಗೆ ಮನೆಯೇ ಕಾರಖಾನೆ. ಕುಣಿಮಗ್ಗ ಹೂಡಬೇಕಾದರೆ ನೆಲ ಅಗೆಯಬೇಕು. ಬಾಡಿಗೆ ಮನೆಯ ನೆಲ ಅಗೆಯಲು ಯಾವ ಮಾಲಕ ಬಿಟ್ಟಾನು? ಬಿಟ್ಟರೆ ಆ ಮಾಲಕ ನೂಲು ಕೊಡುವ ಸಾಹುಕಾರನೇ ಆಗಿರಬೇಕು. ಆಗ ಮನೆ, ಮಗ್ಗ, ನೂಲು, ಮುಂಗಡ ಎಲ್ಲ ಒಬ್ಬನ ಮುಷ್ಟಿಗೆ ಬರುತ್ತದೆ. ಕೂಲಿ ಕಮ್ಮಿಯಾಯಿತೆಂದು ನೇಕಾರ ಬಾಯಿ ತೆರೆದರೆ ಅವನು ಬಿಡಬೇಕಾದದ್ದು ಕೆಲಸ ಒಂದನ್ನೇ ಅಲ್ಲ, ಸೂರನ್ನೂ. ಬಾದಾಮಿಯಲ್ಲಿ ಮತ್ತೊಂದು ತರಹ. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿನ ತನಕ ಅಪ್ಪಣೆ ಬೇಕು. ಗುಡ್ಡದ ಬುಡದ, ಅಗಸ್ತ್ಯ ತೀರ್ಥದ ಸುತ್ತಿನ ಇಕ್ಕಟ್ಟು ಓಣಿಯಲ್ಲಿ ಇಟ್ಟಿಗೆ ಇಡಲೂ ಕಾಗದ ಬೇಕು. ದುಡ್ಡಿದ್ದವರು ಬೇರೆ ಕಡೆ ಮನೆ ಕಟ್ಟಿಕೊಳ್ಳಬಹುದು, ಸೋರುವ ಹಳೇ ಮನೆ ಬಾಡಿಗೆಗೆ ಬೀಳುತ್ತದೆ. 2015ರಲ್ಲಿ ಕೇಂದ್ರದ ಹೃದಯ್ ಯೋಜನೆಯ 12 ಊರುಗಳಲ್ಲಿ ಬಾದಾಮಿಯೂ ಒಂದಾಯಿತು. ಕಲ್ಲಿನ ಚೆಲುವಿಗೆ ಹಣ ಬಂತು. ಒಳ್ಳೆಯದೇ. ಆ ಓಣಿಗಳನ್ನು ಎಬ್ಬಿಸಬೇಕೆಂಬ ಮಾತು ಬಂದಾಗಲೆಲ್ಲ ಲೆಕ್ಕ ಮತ್ತೆ ಉತಾರ ಇದ್ದವರದೇ.

ಪ್ರವಾಹದಲ್ಲೂ ಹೀಗೇ. 2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಒಟ್ಟಿಗೆ ಏರಿದಾಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂದರು, ತಕ್ಷಣದ ಪರಿಹಾರ 10 ಸಾವಿರ ಅಂದರು. ಮನೆ ಬಿದ್ದದ್ದು ಮಾಲಕನದು. ಹೊದಿಕೆ, ಪಾತ್ರೆ, ಮಕ್ಕಳ ಪುಸ್ತಕ ತೇಲಿಹೋದದ್ದು ಒಳಗಿದ್ದವರದು.

ಹಾಗಾದರೆ ಪುರಸಭೆ, ನಗರಸಭೆ ಏನು ಮಾಡಬೇಕು ಎಂದು ಕೇಳುವಿರಿ. ಪೌರಕಾರ್ಮಿಕರಿಗೆ ಕ್ವಾರ್ಟರ್ಸ್ ಕಟ್ಟಿದ ಊರುಗಳುಂಟು. ಕಸ ತೆಗೆಯಲು ನಸುಕಿನಲ್ಲಿ ಜನ ಸಿಗಬೇಕಲ್ಲ! ಅಂದರೆ ನಗರಸಭೆಗೆ ಮನೆ ಕಟ್ಟಿ ಬಾಡಿಗೆಗೆ ಕೊಡಲು ಬರುತ್ತದೆ, ತನಗೆ ಗರಜು ಇದ್ದಾಗ. ಪರಿಶಿಷ್ಟರ ಕಲ್ಯಾಣಕ್ಕೆಂದು ನಗರ ಸಂಸ್ಥೆಗಳು ತಮ್ಮ ವರಮಾನದಲ್ಲಿ ಶೇಕಡಾ 24.10 ತೆಗೆದಿಡಬೇಕೆಂಬ ಆದೇಶ ಇದೆ. ಆ ದುಡ್ಡಿನಲ್ಲಿ ಕಾಂಕ್ರೀಟ್ ರಸ್ತೆ ಆಗಿದೆ, ಗಟಾರ ಆಗಿದೆ, ಸಮುದಾಯ ಭವನ ಆಗಿದೆ. ಕೂಲಿಗೆ ಬಂದ ಕುಟುಂಬಕ್ಕೆ, ಓದಲು ಬಂದ ಹುಡುಗಿಗೆ ನಗರಸಭೆಯೇ ಮಾಲಕನಾಗಿ ನಿಂತು ಕೊಡುವ ನಾಲ್ಕು ಚಾಳು ಯಾಕೆ ಆಗಬಾರದು? ನೂರ ಇಪ್ಪತ್ತೈದು ವರ್ಷದ ಹಿಂದೆ, ಅದೂ ಬಿಳಿಯರ ಟ್ರಸ್ಟಿಗೆ ಬಂದ ಬುದ್ಧಿ ನಮ್ಮವರಿಗೆ ಬರಬೇಡವೆ? ಮಾರಲು ಬರುವ ಸೈಟು ಹಂಚಿದರೆ ಅದು ಕಡೆಗೆ ಯಾರ ಕೈ ಸೇರುತ್ತದೆ ಎಂದು ನವನಗರ ತೋರಿಸಿದೆ.

ನೀರಂತೂ ನಿಂತಿಲ್ಲ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ಎತ್ತರಕ್ಕೆ 524.256 ಮೀಟರಿನ ತನಕ ಒಪ್ಪಿಗೆ ಕೊಟ್ಟಿದೆ. ಮುಳುಗುವ ಜಮೀನಿಗೆ ನೀರಾವರಿಯದಾದರೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಾದರೆ 30 ಲಕ್ಷ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಎಕರೆಯ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಒಳಗಿದ್ದವರ ಲೆಕ್ಕ ಯಾರ ಬಾಯಲ್ಲೂ ಇಲ್ಲ.

2013ರ ಭೂಸ್ವಾಧೀನ ಕಾಯ್ದೆಯ ಎರಡನೇ ಅನುಸೂಚಿಯನ್ನು ಕಾರ್ಯಕರ್ತರು ಒಮ್ಮೆ ಗಟ್ಟಿಯಾಗಿ ಓದಬೇಕು. ಸ್ವಂತ ಮನೆಜಾಗ ಇಲ್ಲದಿದ್ದರೂ, ಅಧಿಸೂಚನೆಗೆ ಹಿಂದಿನ ಮೂರು ವರ್ಷ ಅಲ್ಲೇ ಎಡೆಬಿಡದೆ ವಾಸವಾಗಿದ್ದು ಒತ್ತಾಯದಿಂದ ಏಳಬೇಕಾದ ಕುಟುಂಬಕ್ಕೂ ಮನೆಯ ಹಕ್ಕು ಸಲ್ಲಬೇಕೆಂದು ಅದರಲ್ಲಿ ಬರೆದಿದೆ. ಮೂರು ವರ್ಷ ಇದ್ದೆ ಎಂದು ತೋರಿಸುವವರು ಯಾರು? ಮಾಲಕ ಪಾವತಿ ಕೊಡುವುದಿಲ್ಲ. ಲೈಟಿನ ಬಿಲ್ಲು ಅವನ ಹೆಸರಲ್ಲಿ. ರೇಶನ್ ಕಾರ್ಡು ಹುಟ್ಟಿದ ಹಳ್ಳಿಯದು.

ಮಾಸ್ತರರೆ, ನಿಮ್ಮ ಶಾಲೆಯ ದಾಖಲಾತಿ ವಹಿಯಲ್ಲಿ ಒಂದು ಮಗು ಯಾವ ವರ್ಷ ಸೇರಿತು ಎಂದು ಬರೆದಿರುತ್ತದೆ. ಹಾಜರಿ ಪುಸ್ತಕದಲ್ಲಿ ದಿನಾ ಬಂದದ್ದು ಇರುತ್ತದೆ. ಮುಳುಗಡೆಯ ಅಂಚಿನ ಓಣಿಗಳಿಂದ ಬರುವ ಮಕ್ಕಳ ಅಪ್ಪ ಅವ್ವಂದಿರು ನಾಳೆ ನಿಮ್ಮ ಬಾಗಿಲಿಗೆ ಬಂದಾರು. ಆ ಹಳೇ ವಹಿಗಳಿಗೆ ಗೆದ್ದಲು ಹತ್ತಿಲ್ಲವೇ ಎಂದು ಈಗಲೇ ಒಮ್ಮೆ ಕಪಾಟು ತೆಗೆದು ನೋಡಿ.